ಹೃದಯದಲ್ಲಿ ತೂತಿರುವ ಮಗುವಿಗೆ ಜ್ವರ ಬಂದಾಗ: ಆಂಟಿಬಯೋಟಿಕ್‌ಗೆ ಮೊದಲು ಮಾಡಬೇಕಾದ್ದು

ಒಂಬತ್ತು ವರ್ಷದ ಹುಡುಗಿ. ಹುಟ್ಟಿದಾಗಿನಿಂದ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಸಣ್ಣದೊಂದು ತೂತು. "ಚಿಕ್ಕದು, ಆಪರೇಷನ್ ಬೇಡ, ವರ್ಷಕ್ಕೊಮ್ಮೆ ತೋರಿಸಿದರೆ ಸಾಕು" ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಹೇಳಿದ್ದು ಸರಿಯಾಗಿಯೇ ಇತ್ತು. ನನ್ನ ಮುಂದೆ ಬಂದು ಕೂತಾಗ ತಾಯಿ ಪ್ಲಾಸ್ಟಿಕ್ ಕವರ್ ಬಿಚ್ಚಿ ಮೇಜಿನ ಮೇಲೆ ಮೂರು ಬೇರೆ ಬೇರೆ ಆಂಟಿಬಯೋಟಿಕ್ ಸಿರಪ್ ಬಾಟಲಿಗಳನ್ನು ಸಾಲಾಗಿ ಇಟ್ಟರು. "ಕುಡಿಸಿದ್ರೆ ಜ್ವರ ಇಳಿಯುತ್ತೆ ಡಾಕ್ಟ್ರೇ, ನಿಲ್ಲಿಸಿದ ನಾಲ್ಕೈದು ದಿನಕ್ಕೆ ಮತ್ತೆ ಬರುತ್ತೆ." ಐದು ವಾರದಿಂದ ಇದೇ ಕಥೆ. ನಡುವೆ ಟೈಫಾಯ್ಡ್ ಇದೆಯೇ ಎಂದು ನೋಡಲು ವಿಡಾಲ್ ಎಂಬ ರಕ್ತಪರೀಕ್ಷೆ, ಟೈಫಾಯ್ಡೇ ಎಂದು ಐದು ದಿನ ಇಂಜೆಕ್ಷನ್. ಹೃದಯದ ತೂತಿನ ವಿಷಯವನ್ನು ಯಾರೂ ಕೇಳಿರಲಿಲ್ಲ, ತಾಯಿಯೂ ಹೇಳಿರಲಿಲ್ಲ. ಜ್ವರಕ್ಕೂ ಆ ತೂತಿಗೂ ನಂಟಿರಬಹುದು ಎಂದು ಆಕೆಗೆ ಯಾರಾದರೂ ತಿಳಿಸಿದ್ದರೆ ತಾನೇ ಹೇಳುವುದು?

ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ತೂತಿನ ಬಳಿಯ ಕವಾಟಕ್ಕೆ ಅಂಟಿಕೊಂಡು ಒಂದು ಗಂಟು ಅಲ್ಲಾಡುತ್ತಿತ್ತು. ಬಾಯಿ ತೆರೆಸಿ ನೋಡಿದರೆ ಹಿಂದಿನ ದವಡೆಹಲ್ಲು ಬುಡದವರೆಗೆ ಹುಳುಕು ಹಿಡಿದು, ವಸಡಿನಲ್ಲಿ ಕೀವಿನ ಗುಳ್ಳೆ. ಬ್ಲಡ್ ಕಲ್ಚರ್ ಕಳಿಸಿದೆವು, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಬಾಟಲಿಯಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆ. ಮೂರು ಸಿರಪ್ ಕುಡಿದ ರಕ್ತದಲ್ಲಿ ಏನು ಬೆಳೆಯುತ್ತದೆ? ಏನೂ ಬೆಳೆಯಲಿಲ್ಲ. ಯಾವ ರೋಗಾಣು ಎಂದು ತಿಳಿಯದೆಯೇ ಆರು ವಾರ ಔಷಧ ಕೊಡಬೇಕಾಯಿತು.

ಈ ಕಾಯಿಲೆಗೆ ಇನ್ಫೆಕ್ಟಿವ್ ಎಂಡೋಕಾರ್ಡೈಟಿಸ್ ಎನ್ನುತ್ತಾರೆ. ಹೃದಯದ ಒಳಪೊರೆಗೆ, ಹೆಚ್ಚಾಗಿ ಕವಾಟಗಳಿಗೆ, ಬ್ಯಾಕ್ಟೀರಿಯಾ ಹತ್ತುವುದು. ಅಪರೂಪದ ಕಾಯಿಲೆ. ಹೃದಯದ ತೊಂದರೆ ಇರುವ ಮಕ್ಕಳಲ್ಲೂ ಬಹುಪಾಲು ಜನರಿಗೆ ಇದು ಎಂದೂ ಬರುವುದಿಲ್ಲ. ಹಾಗಾಗಿ ಇದನ್ನು ಓದಿ ನಿದ್ದೆಗೆಡಬೇಡಿ. ಆದರೆ ಬಂದಾಗ ಅದು ಬರುವುದು ಮಾಮೂಲಿ ಜ್ವರದ ವೇಷದಲ್ಲಿ. ಮಾಮೂಲಿ ಜ್ವರಕ್ಕೆ ನಾವು ಮಾಡುವ ಮೊದಲ ಕೆಲಸ, ಅಂದರೆ ಮೆಡಿಕಲ್ ಶಾಪಿನಿಂದ ಒಂದು ಆಂಟಿಬಯೋಟಿಕ್ ತಂದು ಕುಡಿಸುವುದು, ಈ ಕಾಯಿಲೆಯ ಗುರುತನ್ನೇ ಅಳಿಸಿಬಿಡುತ್ತದೆ.

ಒಳಗೆ ಆಗುವುದೇನು?

ಹೊಲದ ಕಾಲುವೆಯನ್ನು ನೆನಪಿಸಿಕೊಳ್ಳಿ. ನೀರು ಸಮವಾಗಿ ಹರಿಯುವ ಕಡೆ ಕಸ ನಿಲ್ಲುವುದಿಲ್ಲ. ಬದು ಒಡೆದು ರಭಸದಿಂದ ಚಿಮ್ಮಿ ಎದುರಿನ ದಂಡೆಗೆ ಬಡಿಯುವಲ್ಲಿ ಮಣ್ಣು ಕೊರೆಯುತ್ತದೆ, ಕೊರೆದಲ್ಲಿ ಕಸಕಡ್ಡಿ ಸಿಕ್ಕಿಕೊಳ್ಳುತ್ತದೆ. ಹೃದಯದಲ್ಲೂ ಹೀಗೆಯೇ. ತೂತಿನಿಂದಲೋ ಸೋರುವ ಕವಾಟದಿಂದಲೋ ರಕ್ತ ಚಿಮ್ಮಿ ಬಡಿಯುವ ಜಾಗದಲ್ಲಿ ಒಳಪೊರೆ ಸವೆದು, ಅಲ್ಲಿ ರಕ್ತದ ಕಿರುಬಿಲ್ಲೆಗಳೂ ಫೈಬ್ರಿನ್ ಎಂಬ ನಾರೂ ಕೂಡಿಕೊಳ್ಳುತ್ತವೆ. ರಕ್ತದಲ್ಲಿ ಹಾದುಹೋಗುವ ಬ್ಯಾಕ್ಟೀರಿಯಾ ಆ ನಾರಿಗೆ ಅಂಟಿ, ಅದರೊಳಗೆ ಮನೆ ಮಾಡುತ್ತದೆ. ಈ ಗಂಟಿನೊಳಕ್ಕೆ ನಮ್ಮ ಬಿಳಿರಕ್ತಕಣಗಳು ಸುಲಭವಾಗಿ ನುಗ್ಗಲಾರವು, ಔಷಧವೂ ಹೆಚ್ಚು ಪ್ರಮಾಣದಲ್ಲಿದ್ದರೆ ಮಾತ್ರ ಇಳಿಯುತ್ತದೆ. ಐದು ದಿನದ ಸಿರಪ್‌ನಿಂದ ಜ್ವರ ಇಳಿದರೂ ಕಾಯಿಲೆ ಹೋಗದಿರುವುದು ಇದಕ್ಕೇ. ಹಾವು ಸಾಯುವುದಿಲ್ಲ, ಹುತ್ತ ಸೇರಿಕೊಳ್ಳುತ್ತದೆ.

ಬರುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದವು ಎರಡು ಬಗೆ. ಬಾಯಿಯಲ್ಲಿ, ಹಲ್ಲಿನ ಬುಡದಲ್ಲಿ ಇರುವ ಸ್ಟ್ರೆಪ್ಟೊಕಾಕಸ್ ಜಾತಿಯವು ಮೆಲ್ಲಗೆ, ವಾರಗಟ್ಟಲೆ ಕಾಡುತ್ತವೆ. ಚರ್ಮದ ಮೇಲಿನ ಸ್ಟ್ಯಾಫಿಲೊಕಾಕಸ್ ಆರಿಯಸ್ ಕೆಲವೇ ದಿನಗಳಲ್ಲಿ ಕವಾಟವನ್ನು ಹರಿದುಹಾಕಬಲ್ಲದು.

ಹಂತ 1: ನಿಮ್ಮ ಮಗು ಯಾವ ಸಾಲಿನಲ್ಲಿದೆ ಎಂದು ಇವತ್ತೇ ಕೇಳಿಕೊಳ್ಳಿ

ಹೃದಯದ ತೊಂದರೆಗಳೆಲ್ಲ ಒಂದೇ ತೂಕದವಲ್ಲ. ಹೆಚ್ಚಿನ ಅಪಾಯದ ಸಾಲಿನಲ್ಲಿ ಬರುವವರು ಇವರು: ಕೃತಕ ಕವಾಟ ಹಾಕಿಸಿಕೊಂಡವರು, ಹಿಂದೊಮ್ಮೆ ಇದೇ ಸೋಂಕು ಬಂದು ವಾಸಿಯಾದವರು, ತುಟಿ-ಉಗುರು ನೀಲಿಗಟ್ಟುವ ಹೃದಯದೋಷವಿದ್ದು ಇನ್ನೂ ಪೂರ್ತಿ ಆಪರೇಷನ್ ಆಗದವರು, ತೇಪೆ ಅಥವಾ ಮುಚ್ಚಳ ಹಾಕಿಸಿಕೊಂಡು ಇನ್ನೂ 6 ತಿಂಗಳಾಗದವರು, ತೇಪೆ ಹಾಕಿದ ಮೇಲೂ ಅದರ ಅಂಚಿನಲ್ಲಿ ಸೋರಿಕೆ ಉಳಿದವರು. 6 ತಿಂಗಳ ಲೆಕ್ಕ ಏಕೆಂದರೆ ಅಷ್ಟರೊಳಗೆ ತೇಪೆಯ ಮೇಲೆ ದೇಹದ ಸ್ವಂತ ಪೊರೆ ಬೆಳೆದು ಮುಚ್ಚಿಕೊಳ್ಳುತ್ತದೆ.

ನಡುವಿನ ಸಾಲಿನಲ್ಲಿ ಕೆಳಕೋಣೆಗಳ ನಡುವಿನ ತೂತು, ಮೂರರ ಬದಲು ಎರಡೇ ಎಸಳಿರುವ ಮಹಾಪಧಮನಿ ಕವಾಟ, ರುಮ್ಯಾಟಿಕ್ ಜ್ವರದಿಂದ ಕೆಟ್ಟ ಕವಾಟ ಇವೆಲ್ಲ ಬರುತ್ತವೆ. ಮೇಲಿನ ಕೋಣೆಗಳ ನಡುವಿನ ಮಾಮೂಲಿ ತೂತು ಒಂದೇ ಇದ್ದರೆ ಈ ಸೋಂಕಿನ ಭಯ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ರಕ್ತ ರಭಸದಿಂದ ಚಿಮ್ಮುವುದಿಲ್ಲ.

ಮುಂದಿನ ಸಲ ಹೃದಯದ ಡಾಕ್ಟರ ಬಳಿ ಹೋದಾಗ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ. "ಹಲ್ಲು ಕೀಳಿಸುವ ಮುನ್ನ ಆಂಟಿಬಯೋಟಿಕ್ ಮಾತ್ರೆ ಬೇಕಾ?" ಮತ್ತು "ಜ್ವರ ಬಂದರೆ ಬ್ಲಡ್ ಕಲ್ಚರ್ ಬೇಕಾ?" ಮೊದಲನೆಯದಕ್ಕೆ 'ಬೇಡ' ಎಂಬ ಉತ್ತರ ಸಿಕ್ಕವರು ಎರಡನೆಯದಕ್ಕೂ 'ಬೇಡ' ಎಂದುಕೊಂಡುಬಿಡುತ್ತಾರೆ. ಹಾಗಲ್ಲ. ಮಾತ್ರೆ ಮೇಲಿನ ಸಾಲಿನವರಿಗೆ ಮಾತ್ರ, ಎಚ್ಚರ ನಡುವಿನ ಸಾಲಿನವರಿಗೂ. ನಾನು ಹೇಳಿದ ಹುಡುಗಿ ನಡುವಿನ ಸಾಲಿನವಳು.

ಹೃದಯದಲ್ಲಿ ಯಾವ ದೋಷವೂ ಇಲ್ಲದ ಮಕ್ಕಳಿಗೂ ಒಮ್ಮೊಮ್ಮೆ ಇದು ಬರುತ್ತದೆ. ಐಸಿಯುನಲ್ಲಿ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡು ಬಹಳ ದಿನ ಇದ್ದ ಹಸುಗೂಸುಗಳು ಇದಕ್ಕೆ ಉದಾಹರಣೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡುತ್ತೇನೆ. ರುಮ್ಯಾಟಿಕ್ ಜ್ವರದಲ್ಲಿ ಬ್ಯಾಕ್ಟೀರಿಯಾ ಹೃದಯದೊಳಗೆ ಹೋಗುವುದಿಲ್ಲ. ಗಂಟಲಿಗೆ ಸ್ಟ್ರೆಪ್ಟೊಕಾಕಸ್ ಸೋಂಕು ಆಗಿ ಎರಡು ಮೂರು ವಾರದ ಮೇಲೆ, ಅದರ ವಿರುದ್ಧ ಎದ್ದ ದೇಹದ ರಕ್ಷಣಾ ಪಡೆಯೇ ದಾರಿ ತಪ್ಪಿ ಸ್ವಂತ ಕವಾಟಗಳ ಮೇಲೆ ಬೀಳುತ್ತದೆ. ಆ ಮಕ್ಕಳಿಗೆ 21 ದಿನಕ್ಕೊಮ್ಮೆ ಹಾಕುವ ಪೆನಿಡ್ಯೂರ್ ಎಂಬ ಪೆನಿಸಿಲಿನ್ ಇಂಜೆಕ್ಷನ್ ರುಮ್ಯಾಟಿಕ್ ಜ್ವರ ಮರುಕಳಿಸದಂತೆ ತಡೆಯುತ್ತದೆ, ಎಂಡೋಕಾರ್ಡೈಟಿಸನ್ನು ತಡೆಯುವುದಿಲ್ಲ. "ಇಂಜೆಕ್ಷನ್ ತಪ್ಪದೆ ಹಾಕಿಸ್ತಿದೀವಲ್ಲ" ಎಂದು ಜ್ವರವನ್ನು ಕಡೆಗಣಿಸಬೇಡಿ. ಇಂಜೆಕ್ಷನ್ ಮಾತ್ರ ತಪ್ಪಿಸಲೂಬೇಡಿ.

ಹಂತ 2: ಬಾಯಿಯನ್ನು ಹೃದಯದ ಹೆಬ್ಬಾಗಿಲು ಎಂದುಕೊಳ್ಳಿ

ಹಲ್ಲು ಕೀಳಿಸುವಾಗ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ವಸಡು ಊದಿದ ಮಗು ಚಪಾತಿ ಅಗಿದರೂ, ಹಲ್ಲುಜ್ಜಿದರೂ ಸ್ವಲ್ಪ ಬ್ಯಾಕ್ಟೀರಿಯಾ ರಕ್ತಕ್ಕೆ ಹೋಗುತ್ತದೆ. ಹಲ್ಲು ಕೀಳಿಸುವುದು ವರ್ಷಕ್ಕೊಂದು ಸಲವಾದರೆ, ಅಗಿಯುವುದು ದಿನಕ್ಕೆ ಮೂರು ಹೊತ್ತು. 2007ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮಾತ್ರೆಯನ್ನು ಮೇಲಿನ ಸಾಲಿನವರಿಗಷ್ಟೇ ಸೀಮಿತಗೊಳಿಸಿ, ದಿನನಿತ್ಯದ ಬಾಯಿಯ ಆರೋಗ್ಯಕ್ಕೆ ಒತ್ತು ಕೊಟ್ಟಿದ್ದು ಈ ಲೆಕ್ಕದ ಮೇಲೆಯೇ.

ಮೊದಲ ಹಲ್ಲು ಮೂಡಿದ ದಿನದಿಂದ ಬ್ರಷ್ ಶುರು. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್. ಬೆಳಿಗ್ಗೆಗಿಂತ ರಾತ್ರಿ ಮಲಗುವ ಮುನ್ನ ಉಜ್ಜುವುದೇ ಮುಖ್ಯ. ನಮ್ಮಲ್ಲಿ ಬಿಟ್ಟುಹೋಗುವುದೂ ಅದೇ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು. ಇದ್ದಿಲು, ಒರಟು ಹಲ್ಲುಪುಡಿ ಬೇಡ. ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವ ಅಭ್ಯಾಸವನ್ನು ಒಂದು ವರ್ಷದ ಹೊತ್ತಿಗೆ ಬಿಡಿಸಿ. ಹೃದಯದ ಮಕ್ಕಳಿಗೆ ಇನ್ನೊಂದು ತೊಡಕಿದೆ: ಅವರು ವರ್ಷಗಟ್ಟಲೆ ಕುಡಿಯುವ ಸಿರಪ್‌ಗಳಲ್ಲಿ ಸಕ್ಕರೆ ಇರುತ್ತದೆ. ಔಷಧ ಕೊಟ್ಟ ಮೇಲೆ ಎರಡು ಗುಟುಕು ನೀರು ಕುಡಿಸಿ, ಬಾಯಿ ಮುಕ್ಕಳಿಸಲು ಹೇಳಿ.

"ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಬಿಡಿ" ಎನ್ನುವ ಅಜ್ಜ ಅಜ್ಜಿಯರ ಜೊತೆ ನಾನು ಜಗಳವಾಡಿದ್ದೇನೆ. ಬೀಳುವ ತನಕ ಆ ಹಲ್ಲಿನ ಬುಡದಲ್ಲಿ ಕೀವು ಇರುತ್ತದಲ್ಲ? 6 ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಹೃದಯದ ಆಪರೇಷನ್ ನಿಗದಿಯಾಗಿದ್ದರೆ ಅದಕ್ಕೆ ಮೊದಲೇ ಹಲ್ಲಿನ ಕೆಲಸವೆಲ್ಲ ಮುಗಿದಿರಲಿ.

ಚರ್ಮ ಎರಡನೆಯ ಬಾಗಿಲು. ಕುರು, ಕಜ್ಜಿ, ಕೆರೆದು ಕೀವಾದ ಸೊಳ್ಳೆ ಕಡಿತ ಇವನ್ನು ಬೇಗ ಗುಣಪಡಿಸಿ. ಕುರುವನ್ನು ಮನೆಯಲ್ಲಿ ಹಿಸುಕಬೇಡಿ. ಕಿವಿ ಚುಚ್ಚಿಸುವ ಶಾಸ್ತ್ರಕ್ಕೆ ಮೊದಲು ಹೃದಯದ ಡಾಕ್ಟರನ್ನು ಒಂದು ಮಾತು ಕೇಳಿ. ಅವರು ಒಪ್ಪಿದರೆ ಶುದ್ಧ ಮಾಡಿದ ಹೊಸ ಸೂಜಿಯಲ್ಲಿ, ಆಸ್ಪತ್ರೆಯಲ್ಲೇ ಚುಚ್ಚಿಸಿ. ಜಾತ್ರೆಯಲ್ಲಿ ಹಚ್ಚೆ ಬೇಡವೇ ಬೇಡ.

ಹಂತ 3: ಹಲ್ಲು ಕೀಳಿಸುವ ದಿನ

ಇದು ಮೇಲಿನ ಸಾಲಿನ ಮಕ್ಕಳಿಗೆ ಮಾತ್ರ. ಹಲ್ಲು ಕೀಳುವುದು, ವಸಡಿನ ಕೆಳಗೆ ಕೆರೆದು ಶುಚಿ ಮಾಡುವುದು, ಬೇರಿನ ತುದಿ ದಾಟಿ ಕೆಲಸ ಮಾಡುವುದು ಇಂಥವಕ್ಕೆ 30ರಿಂದ 60 ನಿಮಿಷ ಮೊದಲು ಒಂದೇ ಒಂದು ಸಲ ಅಮಾಕ್ಸಿಸಿಲಿನ್. ಪ್ರಮಾಣ ತೂಕದ ಪ್ರತಿ ಕೆಜಿಗೆ 50 ಮಿಲಿಗ್ರಾಂ. 16 ಕೆಜಿ ಮಗುವಿಗೆ 800 ಮಿಲಿಗ್ರಾಂ. ಎಷ್ಟೇ ತೂಕವಿದ್ದರೂ 2 ಗ್ರಾಂ ಮೀರುವಂತಿಲ್ಲ. ಮಾಮೂಲಿ ಜ್ವರಕ್ಕೆ ಬರೆಯುವ ಒಂದು ಹೊತ್ತಿನ ಪ್ರಮಾಣಕ್ಕಿಂತ ಇದು ಹೆಚ್ಚಾಗಿರುವುದರಿಂದ ಔಷಧದಂಗಡಿಯವರು ಅನುಮಾನಪಡಬಹುದು. ಡಾಕ್ಟರ ಚೀಟಿ ಕೈಯಲ್ಲಿರಲಿ, ನೀವೇ ಲೆಕ್ಕ ಹಾಕಿ ಕೊಡಬೇಡಿ. ಮರೆತುಹೋಗಿದ್ದರೆ ಕೆಲಸವಾದ ಎರಡು ಗಂಟೆಯೊಳಗೆ ಕೊಟ್ಟರೂ ಆಗುತ್ತದೆ. ಮುಂದೆ ಮೂರು ದಿನ, ಐದು ದಿನ ಮುಂದುವರಿಸುವ ಅಗತ್ಯವಿಲ್ಲ.

ಪೆನಿಸಿಲಿನ್ ಅಲರ್ಜಿ ಇರುವವರಿಗೆ ಬೇರೆ ಔಷಧವಿದೆ. ಪೆನಿಡ್ಯೂರ್ ಹಾಕಿಸಿಕೊಳ್ಳುತ್ತಿರುವ ಮಗುವಾದರೆ ಅದನ್ನು ತಪ್ಪದೆ ಹೇಳಿ: ಅವರ ಬಾಯಿಯ ಬ್ಯಾಕ್ಟೀರಿಯಾ ಪೆನಿಸಿಲಿನ್‌ಗೆ ಒಗ್ಗಿಕೊಂಡಿರಬಹುದು, ಆಗ ಬೇರೆ ವರ್ಗದ ಔಷಧ ಆರಿಸಬೇಕಾಗುತ್ತದೆ. ಹಾಲುಹಲ್ಲು ತಾನಾಗಿ ಬಿದ್ದರೆ, ಬಿದ್ದು ತುಟಿ ಒಡೆದರೆ, ಹಲ್ಲಿನ ಎಕ್ಸ್-ರೇ ತೆಗೆಸಿದರೆ ಮಾತ್ರೆ ಬೇಡ.

ಹಂತ 4: ಜ್ವರ ಬಂತು

ಈ ಲೇಖನದಲ್ಲಿ ಒಂದೇ ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಪ್ಯಾರಾಸಿಟಮಾಲ್ ಕೊಡಬಹುದು. ಅದು ಮೈಬಿಸಿ ಇಳಿಸುತ್ತದೆಯೇ ಹೊರತು ಬ್ಯಾಕ್ಟೀರಿಯಾವನ್ನು ಮುಟ್ಟುವುದಿಲ್ಲ, ಪರೀಕ್ಷೆಯನ್ನು ಕೆಡಿಸುವುದಿಲ್ಲ. ಆಂಟಿಬಯೋಟಿಕ್ ಮಾತ್ರ ಮನೆಯಲ್ಲಿ ಶುರು ಮಾಡಬೇಡಿ. ಕಳೆದ ಸಲದ ಉಳಿದ ಬಾಟಲಿ, ಅಕ್ಕನ ಮಗನಿಗೆ ಕೊಟ್ಟಿದ್ದು, "ಮೈಲ್ಡ್ ಡೋಸ್" ಎಂದು ಅಂಗಡಿಯವರು ಕೊಟ್ಟಿದ್ದು ಯಾವುದೂ ಬೇಡ.

ಮನೆಯಲ್ಲಿ ಎಲ್ಲರಿಗೂ ನೆಗಡಿ, ಮಗುವಿಗೂ ಮೂಗು ಸೋರುತ್ತಿದೆ, ಜ್ವರ ಇಳಿದಾಗ ಆಡುತ್ತಿದೆ ಎಂದಾದರೆ ಅದು ವೈರಸ್ ಜ್ವರವೇ ಇರಬೇಕು. ಎರಡು ದಿನ ನೋಡಬಹುದು. ನೆಗಡಿ, ಕೆಮ್ಮು, ಭೇದಿ ಏನೂ ಇಲ್ಲದೆ ಬರೀ ಜ್ವರ ಮೂರನೇ ದಿನಕ್ಕೆ ಕಾಲಿಟ್ಟರೆ ಡಾಕ್ಟರ ಬಳಿ ಹೋಗಿ. ಮೇಲಿನ ಸಾಲಿನ ಮಗುವಾದರೆ ಮೂರು ದಿನ ಕಾಯಬೇಡಿ, ಅದೇ ದಿನ ಹೊರಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಅಥವಾ ಜ್ವರವಿಲ್ಲದೆಯೇ ಹಾಲು ಕುಡಿಯುವುದನ್ನು ಬಿಟ್ಟರೆ, ಗಂಟೆಗಳನ್ನೂ ಎಣಿಸಬೇಡಿ.

ಬಾಯಿಯ ಬ್ಯಾಕ್ಟೀರಿಯಾದಿಂದ ಬರುವ ಬಗೆ ಸದ್ದಿಲ್ಲದೆ ನಡೆಯುತ್ತದೆ. ಸಂಜೆಯಾದರೆ ಮೈ ಬೆಚ್ಚಗೆ, ರಾತ್ರಿ ಬೆವರು. ಊಟ ಸೇರದು. ಯೂನಿಫಾರ್ಮ್ ಸಡಿಲವಾಗುತ್ತದೆ. ಮೆಟ್ಟಿಲು ಹತ್ತುವ ಮಗು ಎತ್ತಿಕೋ ಎನ್ನುತ್ತದೆ. ಮಂಡಿ, ಬೆನ್ನು ನೋವು, ಮುಖ ಬಿಳಿಚು, ಮೂತ್ರ ಚಹಾ ಡಿಕಾಕ್ಷನ್ ಬಣ್ಣ. ಕೆಳರೆಪ್ಪೆ ಎಳೆದು ನೋಡಿದರೆ ಕೆಂಪು ಚುಕ್ಕೆ, ಉಗುರಿನಡಿ ಕಪ್ಪು ಗೀರು ಕಾಣಬಹುದು. ಬೆರಳ ತುದಿಯಲ್ಲಿ ನೋಯುವ ಸಣ್ಣ ಗಂಟುಗಳಿಗೆ ಓಸ್ಲರ್ ಗಂಟು ಎಂದೇ ಹೆಸರು. 1885ರಲ್ಲಿ ಲಂಡನ್ನಿನಲ್ಲಿ ಈ ಕಾಯಿಲೆಯ ಮೇಲೆ ಹೆಸರಾಂತ ಉಪನ್ಯಾಸ ಕೊಟ್ಟ ವಿಲಿಯಂ ಓಸ್ಲರ್ ಅವರದೇ ಹೆಸರು. ಪುಸ್ತಕದಲ್ಲಿ ಇವೆಲ್ಲ ದೊಡ್ಡದಾಗಿ ಬರುತ್ತವೆ, ಮಕ್ಕಳಲ್ಲಿ ಕಾಣುವುದು ಕಡಿಮೆ. ಗಂಟು ಇಲ್ಲ, ಚುಕ್ಕೆ ಇಲ್ಲ ಎಂದು ನಿಶ್ಚಿಂತೆಯಿಂದ ಕೂರಬೇಡಿ.

ಟೈಫಾಯ್ಡ್, ಟಿಬಿ, ಮಲೇರಿಯಾ ಇರುವ ನಮ್ಮ ನಾಡಿನಲ್ಲಿ ವಾರಗಟ್ಟಲೆಯ ಜ್ವರಕ್ಕೆ ಇದೊಂದೇ ಕಾರಣವಲ್ಲ. ಅದಕ್ಕೇ ವಿಡಾಲ್ ಮೇಲೆ ನನಗೆ ಸಿಟ್ಟು. ಆ ಪರೀಕ್ಷೆ ಟೈಫಾಯ್ಡ್ ಇಲ್ಲದವರಲ್ಲೂ ಪಾಸಿಟಿವ್ ಬರುತ್ತದೆ. ಟೈಫಾಯ್ಡ್ ಎಂದು ಕೊಡುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಎಂಡೋಕಾರ್ಡೈಟಿಸ್‌ಗೂ ಬಳಸುವ ಔಷಧ. ಐದು ದಿನಕ್ಕೆ ಜ್ವರ ಇಳಿದು, "ಟೈಫಾಯ್ಡೇ ಇತ್ತು" ಎಂದು ಎಲ್ಲರೂ ಒಪ್ಪಿಕೊಳ್ಳುತ್ತಾರೆ. ಬ್ಲಡ್ ಕಲ್ಚರ್ ಮಾಡಿಸಿದರೆ ಟೈಫಾಯ್ಡ್ ರೋಗಾಣುವೂ ಅದೇ ಬಾಟಲಿಯಲ್ಲಿ ಸಿಗಬಲ್ಲದು.

ಹಂತ 5: ಕಲ್ಚರ್ ಕೇಳುವ ಬಗೆ

ಡಾಕ್ಟರ ಮುಂದೆ ಕೂತ ಕೂಡಲೇ ಜ್ವರದ ಮಾತಿಗೆ ಮೊದಲು ಹೃದಯದ ಮಾತು ಹೇಳಿ: "ಸಾರ್, ಇವನಿಗೆ ಹಾರ್ಟಲ್ಲಿ ಹೋಲ್ ಇದೆ, ಫೈಲ್ ತಂದಿದೀನಿ. ಆಂಟಿಬಯೋಟಿಕ್ ಕೊಡೋದಾದ್ರೆ ಮೊದಲು ಬ್ಲಡ್ ಕಲ್ಚರ್ ತೆಗೀತೀರಾ?" ಡಾಕ್ಟರಿಗೇ ಬುದ್ಧಿ ಹೇಳಿದಂತೆ ಆಗುತ್ತದೆ ಎಂಬ ಸಂಕೋಚ ಬೇಡ. ಸಂಜೆ ಅರವತ್ತು ಜನ ಸಾಲಿನಲ್ಲಿರುವಾಗ ಯಾರಾದರೂ ನೆನಪಿಸಿದರೆ ನನಗಂತೂ ಉಪಕಾರವೇ.

ಸಾಮಾನ್ಯವಾಗಿ ಮೂರು ಸಲ, ಮೂರು ಬೇರೆ ಜಾಗದಲ್ಲಿ ಚುಚ್ಚಿ ರಕ್ತ ತೆಗೆಯುತ್ತಾರೆ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಕನಿಷ್ಠ ಒಂದು ಗಂಟೆ. ಪುಟ್ಟ ಕೂಸಿಗೆ ಸಲಕ್ಕೆ 1ರಿಂದ 3 ಮಿಲಿಲೀಟರ್, ದೊಡ್ಡ ಮಕ್ಕಳಿಗೆ 5ರಿಂದ 7. "ಇಷ್ಟು ರಕ್ತ ಯಾಕೆ?" ಎಂದು ಅಜ್ಜಿ ಗದರುತ್ತಾರೆ. ಬೇರೆ ಬೇರೆ ಸಲ ತೆಗೆದ ರಕ್ತದಲ್ಲೂ ಒಂದೇ ಬ್ಯಾಕ್ಟೀರಿಯಾ ಬೆಳೆದರೆ ಅದು ಚರ್ಮದಿಂದ ಬಂದ ಕಲಬೆರಕೆಯಲ್ಲ ಎಂದು ಗಟ್ಟಿಯಾಗಿ ಹೇಳಬಹುದು. ರಕ್ತನಾಳದಲ್ಲಿ ಮೊದಲೇ ಹಾಕಿಟ್ಟ ಕ್ಯಾನುಲಾ ಎಂಬ ನಳಿಕೆಯಿಂದ ತೆಗೆಯುವುದು ಒಳ್ಳೆಯದಲ್ಲ. ಚರ್ಮಕ್ಕೆ ಔಷಧ ಹಚ್ಚಿ, ಅದು ಒಣಗುವವರೆಗೆ ಕಾದು ಚುಚ್ಚಬೇಕು. ಚಳಿಜ್ವರ ಏರುವ ಹೊತ್ತಿಗಾಗಿ ಕಾಯಬೇಕಿಲ್ಲ, ಏಕೆಂದರೆ ಈ ಕಾಯಿಲೆಯಲ್ಲಿ ಬ್ಯಾಕ್ಟೀರಿಯಾ ದಿನವಿಡೀ ರಕ್ತಕ್ಕೆ ಸೋರುತ್ತಿರುತ್ತದೆ. ಬಹುತೇಕ ಎರಡು ಮೂರು ದಿನದಲ್ಲಿ ಬೆಳೆ ಕಾಣುತ್ತದೆ.

ನಿಮ್ಮ ಊರಿನಲ್ಲಿ ಕಲ್ಚರ್ ಸೌಲಭ್ಯವಿಲ್ಲದಿದ್ದರೆ ಔಷಧ ಶುರು ಮಾಡುವ ಮೊದಲೇ ಜಿಲ್ಲಾಸ್ಪತ್ರೆಗೋ ಮೆಡಿಕಲ್ ಕಾಲೇಜಿಗೋ ಬರೆದುಕೊಡಲು ಕೇಳಿ. ವಾರಗಳಿಂದ ಎಳೆಯುತ್ತಿರುವ ಜ್ವರದಲ್ಲಿ, ಮಗು ಗಟ್ಟಿಯಾಗಿದ್ದರೆ, ಒಂದೆರಡು ದಿನ ತಡವಾದರೂ ನಷ್ಟವಿಲ್ಲ. ಮಗು ತೀರಾ ಸೋತಿದ್ದರೆ ಮಾತು ಬೇರೆ: ಸಿಕ್ಕಷ್ಟು ರಕ್ತ ತೆಗೆದು ಕೂಡಲೇ ಔಷಧ ಕೊಡಬೇಕು.

ಎಕೋದಲ್ಲಿ ಗಂಟು ಕಂಡರೆ ಸರಿ. ಕಾಣದಿದ್ದರೂ ಅನುಮಾನ ಉಳಿದಿದ್ದರೆ ವಾರದೊಳಗೆ ಮತ್ತೆ ಮಾಡುತ್ತಾರೆ. "ಎಕೋ ನಾರ್ಮಲ್ ಬಂತು" ಎಂದು ಅಲ್ಲಿಗೇ ಕೈಬಿಡಬೇಡಿ.

ಕೂಡಲೇ 108ಕ್ಕೆ ಕರೆ ಮಾಡಬೇಕಾದ ಲಕ್ಷಣಗಳು

ಏದುಸಿರು. ಒಂದು ಕಡೆ ಕೈಕಾಲು ಸೋಲುವುದು, ಬಾಯಿ ಓರೆಯಾಗುವುದು, ಮಾತು ತೊದಲುವುದು, ಫಿಟ್ಸ್. ಎಬ್ಬಿಸಿದರೂ ಏಳದ ಮಂಪರು. ಒಂದು ಕೈ ಅಥವಾ ಕಾಲು ತಣ್ಣಗಾಗಿ ಬಣ್ಣ ಕೆಡುವುದು. ಹೃದಯದ ಗಂಟಿನ ಚೂರು ಕಳಚಿ ಮಿದುಳಿಗೋ ಕಾಲಿಗೋ ಹೋಗಿ ನಾಳ ಮುಚ್ಚಿದಾಗ ಹೀಗಾಗುತ್ತದೆ. ನೀಲಿಗಟ್ಟುವ ಮಗುವಿಗೆ ಜ್ವರದ ಜೊತೆ ತಲೆನೋವು, ವಾಂತಿ ಇದ್ದರೆ ಮಿದುಳಿನಲ್ಲಿ ಕೀವು ಕಟ್ಟಿರಬಹುದು. ಅದನ್ನು ಪಿತ್ತ ಎಂದು ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಹಂತ 6: ಆಸ್ಪತ್ರೆಯ ಆರು ವಾರ

ರಕ್ತನಾಳದ ಮೂಲಕ 4 ವಾರ, ಸ್ಟ್ಯಾಫಿಲೊಕಾಕಸ್ ಅಥವಾ ಕೃತಕ ಕವಾಟವಾದರೆ 6 ವಾರ ಅಥವಾ ಹೆಚ್ಚು. ಹತ್ತನೇ ದಿನಕ್ಕೆ ಜ್ವರ ಬಿಟ್ಟು ಮಗು ವಾರ್ಡಿನಲ್ಲಿ ಓಡಾಡುತ್ತಿರುತ್ತದೆ. ಅಪ್ಪನಿಗೆ ಕೂಲಿ ಹೋಗುತ್ತಿರುತ್ತದೆ. "ಮನೇಲಿ ಮಾತ್ರೆ ಕೊಡ್ತೀವಿ, ಬಿಟ್ಬಿಡಿ" ಎನ್ನುವ ಮಾತು ಬರುವುದು ಆಗಲೇ. ಪೆನಿಸಿಲಿನ್ ಬರುವ ಮೊದಲು ಈ ಕಾಯಿಲೆಯಿಂದ ಬದುಕಿದವರು ಇಲ್ಲವೆನ್ನುವಷ್ಟು ವಿರಳ. ಅರ್ಧಕ್ಕೆ ಬಿಟ್ಟರೆ ಗಂಟಿನೊಳಗೆ ಉಳಿದದ್ದು ಮತ್ತೆ ಏಳುತ್ತದೆ.

ಖರ್ಚಿನ ವಿಷಯವನ್ನು ಮೊದಲ ದಿನವೇ ವಿಚಾರಿಸಿ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಗೆ ಅವಕಾಶವಿದೆ. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಸರ್ಕಾರಿ ಜಯದೇವ ಹೃದ್ರೋಗ ಆಸ್ಪತ್ರೆ ಇದೆ. ಅಂಗನವಾಡಿ, ಸರ್ಕಾರಿ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವೂ ಹೃದಯದೋಷದ ಮಕ್ಕಳನ್ನು ಗುರುತಿಸಿ ಮುಂದಕ್ಕೆ ಕಳಿಸುತ್ತದೆ.

ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್ ಕೊಡುತ್ತಿದ್ದರೆ ಕಿಡ್ನಿ ಪರೀಕ್ಷೆ ಯಾವಾಗ ಎಂದು ಕೇಳಿ; ಕಿವಿ ಕೇಳಿಸುವುದು ಕಡಿಮೆಯಾದಂತೆ ಕಂಡರೆ ತಿಳಿಸಿ. ಕ್ಯಾನುಲಾ ಹಾಕಿದ ಜಾಗ ಕೆಂಪಾಗಿ ಊದಿದರೆ ಅವತ್ತೇ ತೋರಿಸಿ. ಕವಾಟ ತೀರಾ ಹಾಳಾಗಿದ್ದರೆ, ಔಷಧಕ್ಕೆ ಸೋಂಕು ಬಗ್ಗದಿದ್ದರೆ, ಚೂರು ಕಳಚುವ ಭಯವಿದ್ದರೆ ಆಪರೇಷನ್ ಬೇಕಾಗಬಹುದು. ಹೊರಡುವ ಮುನ್ನ ಹುಳುಕು ಹಲ್ಲಿನ ಚಿಕಿತ್ಸೆಯೂ ಮುಗಿದಿರಲಿ.

ಹಂತ 7: ಮನೆಗೆ ಬಂದ ಮೇಲೆ

ಮೊದಲ ಎರಡು ತಿಂಗಳು ಥರ್ಮಾಮೀಟರ್ ಕೈಗೆ ಸಿಗುವಲ್ಲಿರಲಿ. ಮತ್ತೆ ಜ್ವರ ಬಂದರೆ ಮತ್ತೆ ಕಲ್ಚರ್, ಔಷಧಕ್ಕೆ ಮೊದಲು. ಒಮ್ಮೆ ಈ ಸೋಂಕು ಬಂದ ಮಗು ಜೀವನಪೂರ್ತಿ ಮೇಲಿನ ಸಾಲಿಗೆ ಸೇರಿದಂತೆ. ಮುಂದೆ ಪ್ರತಿ ಸಲ ಹಲ್ಲು ಕೀಳಿಸುವಾಗಲೂ ಮಾತ್ರೆ ಬೇಕು. ಹದಿನೆಂಟಾಗಿ ಓದಲು ಬೇರೆ ಊರಿಗೆ ಹೋಗುವಾಗ ಇದನ್ನು ಮಗುವಿಗೇ ಕಲಿಸಿ ಕಳಿಸಿ.

ಡಿಸ್ಚಾರ್ಜ್ ಸಮ್ಮರಿ, ಕೊನೆಯ ಎಕೋ ವರದಿಗಳ ಫೋಟೋ ಅಪ್ಪ, ಅಮ್ಮ ಇಬ್ಬರ ಮೊಬೈಲಿನಲ್ಲೂ ಇರಲಿ. ಒಂದು ಚೀಟಿ ಬರೆದು ಶಾಲೆಯ ಟೀಚರಿಗೆ, ಅಜ್ಜಿ ಮನೆಗೆ, ಫ್ರಿಜ್ಜಿನ ಬಾಗಿಲಿಗೆ ಒಂದೊಂದು ಪ್ರತಿ ಕೊಡಿ. ನಾನು ಬರೆದುಕೊಡುವ ಚೀಟಿ ಹೀಗಿರುತ್ತದೆ:

"ಈ ಮಗುವಿಗೆ ಹೃದಯದ ತೊಂದರೆ ಇದೆ (ಹೆಸರು: ______). ಪೆನಿಸಿಲಿನ್ ಅಲರ್ಜಿ: ಇದೆ / ಇಲ್ಲ. ಹಲ್ಲಿನ ಚಿಕಿತ್ಸೆಗೆ ಮೊದಲು ಆಂಟಿಬಯೋಟಿಕ್: ಬೇಕು / ಬೇಡ. ಕಾರಣ ತಿಳಿಯದ ಜ್ವರವಿದ್ದರೆ ಆಂಟಿಬಯೋಟಿಕ್ ಕೊಡುವ ಮೊದಲು ದಯವಿಟ್ಟು ಬ್ಲಡ್ ಕಲ್ಚರ್ ತೆಗೆಯಿರಿ. ಹೃದಯದ ಡಾಕ್ಟರ ಫೋನ್: ______."